ಬಿಚ್ಚದ ಗಾದಿ

ವಿಜಾಪುರ
೧೨ ಜೂನ್ ೧೯೬೧

ಝಳಕಿಯ ಅಪ್ಪನಿಗೆ ಸಗೀರಾಳ ಸಲಾಮ.

ನಾನು ಮೆಟ್ರಿಕ್ ಪಾಸಾದೆನೆಂದು ಚಿಗವ್ವ ಹಾಕಿಸಿದ ಕಾರ್ಡು ನಿಮಗೆ ಮುಟ್ಟಿರಬೇಕು. ನೀವು ಉತ್ತರ ಬರೆಯಲಿಲ್ಲ. ಬರೆಯುವಿರೆಂದು ನಾನೂ ದಾರಿ ಕಾಯಲಿಲ್ಲ. ಹೋದ ವರ್ಷ ಚಿಗವ್ವನ ಬಾಣಂತನಕ್ಕೆಂದು ನನ್ನನ್ನು ಇಲ್ಲಿಗೆ ಕಳಿಸಿದಿರಿ. ಅವಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಓದಿ, ಸಾಲಿಗೆ ಹೋಗದೆ ಮನೆಯಿಂದಲೇ ಪರೀಕ್ಷೆಗೆ ಕೂತೆ. ಚಿಗವ್ವ ಕೂಸಿಗೆ ಜೋಗುಳ ಹಾಡಿದ್ದಕ್ಕಿಂತ ನಾನು ಬೀಜಗಣಿತ ಹೇಳಿದ್ದೇ ಹೆಚ್ಚು.

ಈಗ ಕಾರಣವಿದೆ, ಅದಕ್ಕೇ ಬರೆಯುತ್ತಿದ್ದೇನೆ. ಧಾರವಾಡದ ಕಾಲೇಜಿಗೆ ಅರ್ಜಿ ಹಾಕಿದ್ದೆ. ನಿನ್ನೆ ಅಲ್ಲಿಂದ ಪತ್ರ ಬಂತು. ಸೀಟು ಕೊಡುತ್ತೇವೆ ಎಂದಿಲ್ಲ, ಕೊಡುವುದಿಲ್ಲ ಎಂದೂ ಇಲ್ಲ. ಇಂಡಿ ಊರಿನ ಸಾಲಿ ಬಿಟ್ಟದ್ದು ೧೯೫೬ರಲ್ಲಿ, ಪರೀಕ್ಷೆ ಪಾಸಾದದ್ದು ೧೯೬೧ರಲ್ಲಿ. ನಡುವಿನ ಐದು ವರ್ಷ ಖಾಲಿ ಹೋಗಿದೆ, ಈ ಹುಡುಗಿ ಏನು ಮಾಡುತ್ತಿದ್ದಳು ಎಂದು ಕೇಳಿದ್ದಾರೆ. ಅದರ ಕೆಳಗೆ ಇನ್ನೊಂದು ಪ್ರಶ್ನೆ. ಅರ್ಜಿಯಲ್ಲಿ ನಾನು ಮದುವೆಯಾಗಿಲ್ಲ ಎಂದು ಬರೆದಿದ್ದೇನೆ, ಇಂಡಿಯ ಸಾಲಿಯ ದಾಖಲೆಯಲ್ಲಿ ‘ಮದುವೆಯಾದ ಕಾರಣ ಶಾಲೆ ಬಿಟ್ಟಿದ್ದಾಳೆ’ ಎಂದಿದೆ. ಮದುವೆಯಾಗಿದ್ದರೆ ಗಂಡನ ಒಪ್ಪಿಗೆ ಕಳಿಸಬೇಕಂತೆ. ಆಗಿಲ್ಲವಾದರೆ ನಿಜ ಏನೆಂದು ತಂದೆ ಸಹಿ ಮಾಡಿ ತಿಳಿಸಬೇಕಂತೆ. ಜುಲೈ ಮೂವತ್ತೊಂದರೊಳಗೆ ಕಾಗದ ಮುಟ್ಟದಿದ್ದರೆ ನನ್ನ ಜಾಗ ಬೇರೆಯವರಿಗೆ ಹೋಗುತ್ತದೆ.

ಗಂಡನ ಒಪ್ಪಿಗೆಯಂತೆ! ಚಿಗವ್ವ ಬಿದ್ದು ಬಿದ್ದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಆ ದಿನ ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು. ಹತ್ತಿ ಹಿಂಜುವ ಬಿಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡೇ ನೀವು ಸಾಲಿಯೊಳಗೆ ಬಂದಿರಿ. ಬಾಗಿಲಲ್ಲಿ ಅದರ ತಂತಿ ಝೇಂ ಎಂದಾಗ ವರ್ಗದ ಹುಡುಗರೆಲ್ಲ ನಕ್ಕರು.

“ಯಾಕ್ರಿ ಮುರ್ತುಜಾಸಾಬ್ರ, ಪರೀಕ್ಷಾ ಮುಗಿಸಿಕೊಂಡ ಕರಕೊಂಡ ಹೋಗ್ರೆಲಾ,” ಎಂದರು ಹೆಡ್‌ಮಾಸ್ತರರು.

“ಮದುವಿ ಐತ್ರಿ.”

“ಯಾವಾಗ್ರಿ?”

“ಮಾತ ಕೊಟ್ಟ ಬಂದೇನ್ರಿ. ನಮ್ಮಾಗ ಮಾತ ಕೊಟ್ರ ಮದುವಿ ಆದಂಗ.”

ಅವರು ಅದನ್ನೇ ಬರೆದುಕೊಂಡರು. ಅವರನ್ನು ಬೈದು ಏನು ಮಾಡಲಿ? ಬರೆಸಿದವರು ನೀವು.

ಮಸೂತಿ ಊರಿನ ಮೈಬೂಬ ಕಾಕಾ ನಿಮ್ಮ ಜೀವದ ಗೆಳೆಯ, ಒಪ್ಪಿದೆ. ಇಬ್ಬರೂ ಸೇರಿ ಬಾಗೇವಾಡಿಯಿಂದ ಮುದ್ದೇಬಿಹಾಳದವರೆಗೆ ಊರೂರು ತಿರುಗಿ ಗಾದಿ ಹೊಲಿದಿರಿ. ಸಾಯುವ ಮುಂಚೆ ನಿಮ್ಮ ಕೈ ಹಿಡಿದು ‘ನನ್ನ ಅಬ್ದುಲರಜಾಕನಿಗೆ ನಿನ್ನ ಮಗಳನ್ನು ಕೊಡು’ ಎಂದರು, ನೀವು ಮಾತು ಕೊಟ್ಟಿರಿ. ಮಾತು ನಿಮ್ಮದು, ಕೊಡಿರಿ. ಸಾಲಿ ನನ್ನದಾಗಿತ್ತಲ್ಲ? ಆ ಮನುಷ್ಯ ಮುಂಬಯಿಗೆ ಹೋದವನು ಈ ವರ್ಷ ಬಂದೆ, ಮುಂದಿನ ವರ್ಷ ಬಂದೆ ಎನ್ನುತ್ತ ಅಲ್ಲೇ ಕೂತ. ನಿಕಾ ಆಗಲಿಲ್ಲ, ಪರೀಕ್ಷೆಯೂ ಆಗಲಿಲ್ಲ.

ನೀವು ಕಾಲೇಜಿಗೆ ಎರಡೇ ಮಾತು ಬರೆಯಿರಿ. ನನ್ನ ಮಗಳ ಮದುವೆ ಆಗಿಲ್ಲ. ಅವಳನ್ನು ಸಾಲಿ ಬಿಡಿಸಿದವನು ನಾನು. ಕೆಳಗೆ ಸಹಿ ಹಾಕಿ ಬೇಗ ಕಳಿಸಿರಿ.

ಅವ್ವನಿಗೆ ಸಲಾಮ ಹೇಳಿರಿ.

ನಿಮ್ಮ ಮಗಳು
ಸಗೀರಾ


ಝಳಕಿ
೧೮ ಜೂನ್ ೧೯೬೧

ಸಗೀರಾಳಿಗೆ ಅಪ್ಪನ ದುವಾ.

ಪತ್ರ ಮುಟ್ಟಿತು. ಹಡೆದ ತಂದೆಗೆ ಬರೆಯುವ ರೀತಿ ಇದಲ್ಲ. ವಿಜಾಪುರದ ನೀರು ಕುಡಿದು ನಾಲಿಗೆ ಉದ್ದವಾಗಿದೆ.

ಪಾಸಾದ ಸುದ್ದಿ ಕೇಳಿ ನಿನ್ನ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ನಾನು ಬೇಡ ಎನ್ನಲಿಲ್ಲ.

ಕಾಲೇಜಿನವರಿಗೆ ಇಷ್ಟು ದೊಡ್ಡ ಪುರಾಣ ಯಾಕೆ? ವಿಷಮಜ್ವರ ಬಂದಿತ್ತು ಎಂದು ಬರೆದುಬಿಡೋಣ. ಇಂಡಿಯಲ್ಲಿ ನನಗೆ ಪರಿಚಯದ ಡಾಕ್ಟರರು ಇದ್ದಾರೆ. ಅವರ ದವಾಖಾನೆಯ ಗಾದಿಗಳೆಲ್ಲ ನಾನು ಹೊಲಿದವು, ಚೀಟಿ ಬರೆದುಕೊಡಲು ಅವರು ಒಲ್ಲೆ ಎನ್ನುವುದಿಲ್ಲ. ಮದುವೆಯ ಮಾತೇ ಎತ್ತಬೇಡ. ಮದುವೆ ಆಗಿಲ್ಲ ಎಂದು ನಾನು ಸಹಿ ಹಾಕಿ ದೊಡ್ಡವರ ಕಚೇರಿಗೆ ಕಳಿಸಿದರೆ ಕೊಟ್ಟ ಮಾತನ್ನು ನಾನೇ ಮುರಿದಂತಾಯಿತು. ಅದು ನನ್ನ ಕೈಯಿಂದ ಆಗುವುದಿಲ್ಲ. ಮೈಬೂಬ ನನ್ನ ಕೈ ಹಿಡಿದುಕೊಂಡೇ ಜೀವ ಬಿಟ್ಟ. ನೀನು ಅಲ್ಲಿರಲಿಲ್ಲ, ನಾನಿದ್ದೆ.

ಅಬ್ದುಲರಜಾಕ ಈ ಸಲ ಮೊಹರಮ್ಮಿನ ಅಲಾಯಿ ಹಬ್ಬಕ್ಕೆ ಮಸೂತಿಗೆ ಬರುತ್ತಾನೆಂದು ಸುದ್ದಿ ಇದೆ. ಹೋಗಿ ಮಾತಾಡಿ ಬರುತ್ತೇನೆ. ಅಲ್ಲಿಯವರೆಗೆ ಸುಮ್ಮನಿರು.

ನಿನ್ನ ಮದುವೆಯ ಗಾದಿಯನ್ನು ಅವ್ವ ಬಿಸಿಲಿಗೆ ಹಾಕಿದ್ದಳು. ಮಳೆ ಬರುವ ಮುಂಚೆ ಒಳಗೆ ತೆಗೆದೆವು.

ನಿನ್ನ ಅಪ್ಪ
ಮುರ್ತುಜಾಸಾಬ


ವಿಜಾಪುರ
೨೪ ಜೂನ್ ೧೯೬೧

ಅಪ್ಪನಿಗೆ ಸಲಾಮ.

ಐದು ವರ್ಷದ ವಿಷಮಜ್ವರ! ಅಷ್ಟು ಕಾಲ ಜ್ವರ ಬಂದೂ ಬದುಕಿದವಳನ್ನು ಕಾಲೇಜಿನವರು ಓದಲು ಸೇರಿಸಿಕೊಳ್ಳುವುದಿಲ್ಲ ಅಪ್ಪಾ. ಡಾಕ್ಟರಿ ಕಲಿಯುವ ಹುಡುಗರ ಮುಂದೆ ನಿಲ್ಲಿಸಿ ತೋರಿಸುತ್ತಾರೆ.

ನನಗೆ ಯಾವತ್ತು ಜ್ವರ ಬಂದಿತ್ತು? ಬಂದಿದ್ದರೆ ಅರಳೆ ತುಂಬುವವರು ಯಾರು? ನೀವು ಹಿಂಜಿದ್ದನ್ನು ನಾನು ತುಂಬಿದೆ, ಅವ್ವ ಹೊಲಿದಳು. ತಲೆ ಹುಬ್ಬು ಎಲ್ಲ ಬೆಳ್ಳಗಾಗಿ, ಸೋಲಾಪುರದ ಸಡಕಿನ ಮೇಲೆ ಲಾರಿ ನಿಲ್ಲಿಸಿದ ಡ್ರೈವರನೊಬ್ಬ ನನ್ನನ್ನು ನೋಡಿ ‘ಅಜ್ಜೀ, ಚಾದ ಅಂಗಡಿ ಎಲ್ಲಿ’ ಎಂದು ಕೇಳಿದ. ನನಗಾಗ ಇಪ್ಪತ್ತೂ ಆಗಿರಲಿಲ್ಲ. ಝಳಕಿಯಲ್ಲಿ ಮದುವೆಯಾದ ಎಷ್ಟು ಹುಡುಗಿಯರ ಗಾದಿಗೆ ನನ್ನ ಕೈ ಹತ್ತಿದೆ. ನನ್ನ ಜೊತೆ ಸಾಲಿಗೆ ಬರುತ್ತಿದ್ದ ಸಾಬೀರಾಳ ಗಾದಿ ನಾನೇ ತುಂಬಿದ್ದು. ಈಗ ಅದರ ಮೇಲೆ ಅವಳ ಮಕ್ಕಳು ಕುಣಿಯುತ್ತವೆ. ಕೈ ಖಾಲಿಯಾದಾಗ ಅರಳೆಯ ಕೆಳಗೆ ಬಚ್ಚಿಟ್ಟ ಭೂಗೋಳದ ಪುಸ್ತಕ ತೆಗೆದು ಓದುತ್ತಿದ್ದೆ. ನಿಮಗೆ ಕಾಣುತ್ತಿತ್ತು. ಕಂಡೂ ಕಾಣದಂತೆ ಬಿಲ್ಲು ಬಡಿಯುತ್ತಿದ್ದಿರಿ. ಒಂದು ಸಲ ನಿಮ್ಮ ಹೆಗಲು ಉಳುಕಿದಾಗ ‘ಬಿಲ್ಲು ನಾನು ಹಿಡಿಯುತ್ತೇನೆ’ ಎಂದು ಕೇಳಿದೆ. “ಹೆಣ್ಮಕ್ಕಳು ಬಿಲ್ಲ ಮುಟ್ಟಬಾರದು,” ಎಂದು ಕಸಿದುಕೊಂಡಿರಿ. ತುಂಬುವುದಕ್ಕೆ ಹೆಣ್ಣುಮಕ್ಕಳು ಬೇಕು, ಹಿಂಜುವುದಕ್ಕೆ ಬೇಡ.

ಇನ್ನು ಆ ಗಾದಿಯ ಮಾತು. ಅದನ್ನು ಬಿಸಿಲಿಗೆ ಹಾಕಿದ ಸುದ್ದಿಯನ್ನು ನನಗೆ ಯಾಕೆ ಬರೆಯುತ್ತೀರಿ? ಮಾತು ಕೊಟ್ಟ ವಾರದಲ್ಲೇ ಮಗಳ ಗಾದಿ ಹೊಲಿಯುವುದು, ಒಮ್ಮೆ ಹೊಲಿದರೆ ನಿಕಾ ಆಗುವ ತನಕ ಬಿಚ್ಚದೆ ಇರುವುದು ನಮ್ಮ ಪಿಂಜಾರರ ಪದ್ಧತಿ. ಬಿಚ್ಚಿದರೆ ಮಾತು ಮುರಿಯಿತೆಂದು ಓಣಿಗೆಲ್ಲ ಗೊತ್ತಾಗುತ್ತದೆ. ಸರಿ. ಆದರೆ ಪದ್ಧತಿ ಮಾಡಿದವರು ಮದುವೆ ಆರು ತಿಂಗಳಲ್ಲಿ ಆಗುತ್ತದೆಂದು ಮಾಡಿದ್ದು. ಹಿಂಜದೆ ಇಟ್ಟ ಹತ್ತಿ ಏನಾಗುತ್ತದೆಂದು ಸುತ್ತಿನ ಹಳ್ಳಿಯವರೆಲ್ಲ ನಿಮ್ಮನ್ನು ಕೇಳಿ ತಿಳಿದುಕೊಳ್ಳುತ್ತಾರೆ. ‘ವರ್ಷಕ್ಕೊಮ್ಮೆ ಬಿಚ್ಚಿ ಹಿಂಜಸ್ರಿ, ಇಲ್ಲಾಂದ್ರ ಗಂಟ ಕಟ್ಟತೈತಿ’ ಎಂದು ಊರಿಗೆಲ್ಲ ಹೇಳುವವರು ನೀವು. ನಿಮ್ಮ ಮನೆಯ ಕೆಂಪು ಛೀಟಿನ ಬಟ್ಟೆಯ ಗಾದಿ ಮಾತ್ರ ಅಟ್ಟದ ಮೇಲೆ ಗಂಟುಗಂಟಾಗಿ ಬಿದ್ದಿದೆ. ಅದರ ಮೇಲೆ ಈಗ ಯಾರೂ ಮಲಗಲಾರರು. ಅಬ್ದುಲರಜಾಕ ಮಲಗಿದರೆ ಬೆನ್ನು ಮುರಿದುಕೊಂಡಾನು, ಅದೊಂದು ಸಂತೋಷ.

ಡಾಕ್ಟರರ ಚೀಟಿ ಬೇಡ. ನಿಜವನ್ನು ಬರೆಯಿರಿ.

ಸಗೀರಾ


ಝಳಕಿ
೪ ಜುಲೈ ೧೯೬೧

ಸಗೀರಾಳಿಗೆ ಅಪ್ಪನ ದುವಾ.

ನೀನು ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಕೆಲಸ ಮಾಡಿಕೊಂಡು ಬಂದಿದ್ದೇನೆ.

ಅಲಾಯಿ ಹಬ್ಬದ ಮರುದಿನ ಮಸೂತಿಗೆ ಹೋಗಿದ್ದೆ. ಅಬ್ದುಲರಜಾಕ ಬಂದಿದ್ದ. ಕೈಗೆ ಗಡಿಯಾರ ಕಟ್ಟಿದ್ದಾನೆ, ಮೈ ತುಂಬಿದೆ, ಕಾಕಾ ಕಾಕಾ ಎಂದು ನನ್ನನ್ನು ಗಾಡಿಯ ತನಕ ಬಂದು ಕರೆದುಕೊಂಡು ಹೋದ. ನಿನ್ನ ಕಾಲೇಜಿನ ಪತ್ರದ ಸಂಗತಿಯನ್ನು ಅವನ ಮುಂದೆ ಇಟ್ಟೆ. ಅವನು ನಕ್ಕುಬಿಟ್ಟ. “ಗಂಡನ ಸಹಿ ಬೇಕಂದ್ರ ಹಾಕೋಣಲ್ಲ ಕಾಕಾ, ಅದಕ್ಕೇನ ರೊಕ್ಕಾ ಬೀಳ್ತಾವೇನು?” ಎಂದ. ಅಲ್ಲೇ ಕೂತು ಬರೆದು ಕೊಟ್ಟ. ಆ ಕಾಗದವನ್ನು ಇದರ ಒಳಗೆ ಇಟ್ಟಿದ್ದೇನೆ.

ಇದನ್ನು ಧಾರವಾಡಕ್ಕೆ ಕಳಿಸು. ದಾಖಲೆಯಲ್ಲಿ ಮದುವೆ ಎಂದಿದೆ, ಇದರಲ್ಲೂ ಹಾಗೇ ಇದೆ, ಎರಡೂ ಕೂಡುತ್ತವೆ. ಅರ್ಜಿಯಲ್ಲಿ ನೀನು ತಪ್ಪಿ ಬರೆದೆ ಎಂದರೆ ಮುಗಿಯಿತು. ನಿನಗೆ ಕಾಲೇಜು ಸಿಗುತ್ತದೆ, ನನ್ನ ಮಾತೂ ಉಳಿಯುತ್ತದೆ. ನಿಕಾ ಬರುವ ವರ್ಷ ಮಾಡೋಣ ಎಂದಿದ್ದಾನೆ, ಮುಂಬಯಿಯಲ್ಲಿ ಖೋಲಿ ಸಿಗುವುದು ತಡವಂತೆ. ಆಗುವ ಗಂಡನೇ ಸಹಿ ಮಾಡಿದರೆ ಅದು ಸುಳ್ಳು ಹೇಗಾಗುತ್ತದೆ?

ಇನ್ನಾದರೂ ಸಿಟ್ಟು ಬಿಡು. ನೀನು ಕೇಳಿದ್ದೂ ಸೀಟೇ ತಾನೇ?

ನಿನ್ನ ಅಪ್ಪ
ಮುರ್ತುಜಾಸಾಬ


ವಿಜಾಪುರ
೯ ಜುಲೈ ೧೯೬೧

ಅಪ್ಪಾ,

ಸಲಾಮ ಬರೆಯುವಷ್ಟು ಸಮಾಧಾನ ನನಗಿಲ್ಲ.

ಆ ಕಾಗದವನ್ನು ನೀವು ಓದಿದ್ದೀರೋ, ಹಾಗೇ ಮಡಚಿ ಇಟ್ಟಿರೋ? ಓದಿಲ್ಲವಾದರೆ ನಾನೇ ಬರೆದು ತೋರಿಸುತ್ತೇನೆ. ‘ನನ್ನ ಹೆಂಡತಿ ಸಗೀರಾ ಇವಳು ಒಂದು ವರ್ಷದ ಮಟ್ಟಿಗೆ ಕಾಲೇಜಿಗೆ ಹೋಗಲು ನನ್ನ ಪರವಾನಗಿ ಇದೆ. ಮುಂದೆ ನನಗೆ ಸರಿ ಕಂಡಂತೆ ತಿಳಿಸುವೆನು.’ ಕೆಳಗೆ ದೊಡ್ಡದಾಗಿ ಸಹಿ.

ಪರವಾನಗಿ! ಐದು ವರ್ಷ ನನಗೆ ಒಂದು ಸಾಲು ಬರೆಯದ ಮನುಷ್ಯ ಮೊದಲ ಸಲ ಪೆನ್ನು ಹಿಡಿದು ನನಗೆ ಪರವಾನಗಿ ಬರೆದ. ಅದೂ ವರ್ಷದ ಮಟ್ಟಿಗೆ. ಎಮ್ಮೆಯನ್ನು ಮೇಯಿಸಲು ಬಿಡುವವರೂ ಇನ್ನಷ್ಟು ಮರ್ಯಾದೆಯಿಂದ ಮಾತಾಡುತ್ತಾರೆ.

ಕಳಿಸಿದರೆ ಸೀಟು ಸಿಗುತ್ತದೆ, ನನಗೆ ಗೊತ್ತು. ನಿನ್ನೆ ಸಂಜೆ ಲಕೋಟೆಯಲ್ಲಿ ಹಾಕಿ ಟಪಾಲು ಪೆಟ್ಟಿಗೆಯ ತನಕ ಹೋದೆ. ಸುಳ್ಳು ಹೇಳಲಾರೆ, ಹೋದೆ. ಪೆಟ್ಟಿಗೆಯ ಬಾಯಿಗೆ ಹಿಡಿದೆ. ಆಮೇಲೆ ಅನ್ನಿಸಿತು, ಇದು ಒಳಗೆ ಬಿದ್ದರೆ ಧಾರವಾಡದ ಕಚೇರಿಯಲ್ಲಿ ನಾನು ಅವನ ಹೆಂಡತಿ. ಮುಂದಿನ ಜೂನಿನಲ್ಲಿ ಅವನು ಬೇಡವೆಂದು ಒಂದು ಕಾರ್ಡು ಹಾಕಿದರೆ ನನ್ನನ್ನು ಹೊರಗೆ ಕಳಿಸುತ್ತಾರೆ. ಅವತ್ತು ನೀವು ಬಿಲ್ಲು ಹೊತ್ತು ಬಂದಿರಿ, ಅವನಾದರೆ ಬರಬೇಕೆಂದೂ ಇಲ್ಲ. ತಿರುಗಿ ಮನೆಗೆ ಬಂದೆ. ಚಿಗವ್ವ ಊಟಕ್ಕೆ ಹಾಕಿದಳು.

ಆಗುವ ಗಂಡನೇ ಸಹಿ ಮಾಡಿದರೆ ಸುಳ್ಳು ಹೇಗೆ ಎಂದು ಕೇಳಿದ್ದೀರಿ. ಹೆಡ್‌ಮಾಸ್ತರರ ಮುಂದೆಯೂ ಹೀಗೇ ಅಂದಿರಿ. ನಿಮ್ಮ ಬಾಯಲ್ಲಿ ಆಗುವುದೂ ಆದದ್ದೂ ಒಂದೇ. ಅದರ ನಡುವೆ ನಾನು ಐದು ವರ್ಷ ಕೂತಿದ್ದೆ ಅಪ್ಪಾ, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಕಾಯುವವರ ಹಾಗೆ.

ಅವನ ಕಾಗದವನ್ನು ಇದರ ಜೊತೆ ತಿರುಗಿ ಕಳಿಸಿದ್ದೇನೆ. ಹರಿದಿಲ್ಲ. ಹರಿಯುವುದಿದ್ದರೆ ನೀವು ಹರಿಯಿರಿ. ಇದನ್ನು ಕಳಿಸಿ ಕಾಲೇಜಿಗೆ ಹೋಗುವುದಕ್ಕಿಂತ ನಾನು ಝಳಕಿಗೆ ಬಂದು ಕಣ್ಣು ಕುರುಡಾಗುವ ತನಕ ಅರಳೆ ತುಂಬುತ್ತೇನೆ. ಆದರೆ ನಿಮ್ಮ ಜೊತೆ ಒಂದು ಮಾತೂ ಆಡುವುದಿಲ್ಲ.

ಸಗೀರಾ


ವಿಜಾಪುರ
೧೯ ಜುಲೈ ೧೯೬೧

ಅಪ್ಪನಿಗೆ ಸಲಾಮ.

ನಿಮ್ಮ ಉತ್ತರ ಬರಲಿಲ್ಲ. ಟಪಾಲಿನವನು ಓಣಿಯಲ್ಲಿ ಬಂದಾಗಲೆಲ್ಲ ಬಾಗಿಲಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಈಗ ಚಿಗವ್ವ ಹೋಗುತ್ತಾಳೆ.

ಬರೆಯುವುದು ನಿಮಗೆ ಕಷ್ಟವಾದರೆ ಇರಲಿ, ನಾನೇ ಬರೆದಿದ್ದೇನೆ. ಕೆಳಗೆ ನಿಮ್ಮ ಸಹಿಗೆ ಜಾಗ ಬಿಟ್ಟಿದ್ದೇನೆ. ಇದರ ಮೇಲೆ ನಾನು ಕೇಳುವುದು ಏನೂ ಇಲ್ಲ.

‘ಪ್ರಿನ್ಸಿಪಾಲ ಸಾಹೇಬರಿಗೆ,

ನನ್ನ ಓದಿನಲ್ಲಿ ಐದು ವರ್ಷ ಯಾಕೆ ತಪ್ಪಿತೆಂದು ಕೇಳಿದ್ದೀರಿ. ನನಗೆ ಕಾಯಿಲೆ ಇರಲಿಲ್ಲ. ನಾನು ನಪಾಸಾಗಿರಲಿಲ್ಲ. ನನ್ನ ಮದುವೆ ಆಗಿಲ್ಲ, ದಾಖಲೆಯ ಮಾತು ನಿಜವಲ್ಲ. ನನ್ನನ್ನು ಒಬ್ಬರಿಗೆ ಕೊಡುತ್ತೇನೆಂದು ನನ್ನ ತಂದೆ ಮಾತು ಕೊಟ್ಟರು. ಕೊಟ್ಟ ಕೂಡಲೇ ಪರೀಕ್ಷೆಗೂ ಬಿಡದೆ ಸಾಲಿಯಿಂದ ಕರೆದುಕೊಂಡು ಹೋದರು. ನನ್ನನ್ನು ಯಾರೂ ಕೇಳಲಿಲ್ಲ. ಮದುವೆಯಾಗಬೇಕಿದ್ದವರು ಮುಂದೆ ಬರಲೇ ಇಲ್ಲ.

ಆ ಐದು ವರ್ಷದಲ್ಲಿ ತಂದೆಯ ಜೊತೆ ಗಾದಿ ಕೆಲಸ ಮಾಡಿದೆ, ಬಿಡುವಿನಲ್ಲಿ ಓದಿದೆ. ಅದು ಖಾಲಿ ಹೋದ ಕಾಲ ಎಂದು ನೀವು ಬರೆದಿದ್ದೀರಿ. ಖಾಲಿ ಎನ್ನಬೇಡಿರಿ. ನನ್ನಿಂದ ಕಸಿದುಕೊಂಡದ್ದು ಎಂದರೆ ಒಪ್ಪುತ್ತೇನೆ. ಇದನ್ನು ಓದಿ ಅಯ್ಯೋ ಪಾಪ ಅನ್ನುವುದು ಬೇಡ. ನನ್ನ ಅಂಕಗಳನ್ನು ನೋಡಿ ಸೀಟು ಕೊಡಿರಿ.

ಸಗೀರಾ ಮುರ್ತುಜಾಸಾಬ ಪಿಂಜಾರ

ಮೇಲಿನ ಮಾತು ನಿಜವಿದೆ. ತಂದೆಯ ಸಹಿ:’

ಇಷ್ಟೇ.

ಸಗೀರಾ


ಝಳಕಿ
೨೯ ಜುಲೈ ೧೯೬೧

ಸಗೀರಾ,

ಇದನ್ನ ನಿಮ್ಮಪ್ಪ ಬರಿಯಾಕತ್ತಾನ, ಮಾತ ನನ್ನವು. ನಾ ಏನ ಹೇಳ್ತೇನಿ ಅದನ್ನ ಬರೀಬೇಕು, ಒಂದ ಅಕ್ಷರ ಬಿಡಂಗಿಲ್ಲ ಅಂತ ಮದಲ ಹೇಳೇನಿ. ಬರೀರಿ. ಹಂಗ ಕಣ್ಣ ಬಿಡಬ್ಯಾಡ್ರಿ, ಬರೀರಿ.

ಇಷ್ಟ ದಿನ ನಿನ್ನ ಕಾಗದ ಬಂದ್ರ ಈ ಮನಷ್ಯಾ “ಆರಾಮ ಅದಾಳಂತ” ಅಂದು ಕಿಸೆದಾಗ ಇಟಗೋತಿದ್ದ. ಮೊನ್ನೆ ಅಂಗಿ ಒಗಿಯಾಕ ತಗದ್ರ ಕಿಸೆದಾಗಿಂದ ಎಲ್ಲಾ ಬಿದ್ದು. ಸಾಬೀರಾ ತವರಮನಿಗೆ ಬಂದಾಳ, ಆಕಿ ಕಡೆ ಓದಿಸಿದೆ. ಆಕಿ ಓದಿದಳು, “ನನ್ನ ಹೆಂಡತಿ ಸಗೀರಾ ಇವಳು” ಅಂತ. ಯಾರ ಹೆಂಡ್ತಿ? ಯಾವಾಗ ಆತು ನಿಕಾ? ನಾ ಹಡದಾಕಿ, ನನ್ನ ಮಗಳ ಮದುವ್ಯಾಗ ನನಗ ಒಂದ ತುತ್ತ ಹಾಕ್ಲಿಲ್ಲಲ್ಲಾ! ಮತ್ತ ಅವನ ಪರವಾನಗಿ ಬ್ಯಾರೆ. ನನ್ನ ಮಗಳನ್ನ ಬಿಡಾಕ ಕಟ್ಟಾಕ ಅಂವ ಯಾರು?

ಸಾಬೀರಾ ನಿನ್ನ ಕಾಗದಾನೂ ಓದಿದಳು. ನನ್ನನ್ನ ಯಾರೂ ಕೇಳಲಿಲ್ಲ ಅಂತ ಬರದಿಯಲ್ಲ, ಅಲ್ಲಿಗೆ ಬಂದು ಓದೋದು ನಿಲ್ಲಿಸಿ ಅಳಾಕತ್ತಳು. ನಾ ಅಳ್ಲಿಲ್ಲ. ಅಟ್ಟ ಹತ್ತಿದೆ. ಗಾದಿ ಎಳದ ಒಗದೆ. ಸಾಬೀರಾ “ಬ್ಯಾಡ ಕಾಕಿ, ಬ್ಯಾಡ” ಅಂದಳು. ಸಡಕಿನ ಕಡೆ ಅಂಗಳದಾಗ ಹಾಕಿ ಕುಡಗೋಲ ತಗೊಂಡ ಹೊಲಿಗಿ ಎಲ್ಲಾ ಹರದ ಬಿಟ್ಟೆ. ಒಳಗಿನ ಹತ್ತಿ ಕಲ್ಲ ಆಗಿತ್ತವಾ. ಹೊಡದ್ರ ತಲಿ ಒಡೀತಿತ್ತು. ಗಾಳಿ ಬಿಟ್ಟಿತ್ತು, ಹಗೂರ ಇದ್ದ ಹತ್ತಿ ಎಲ್ಲಾ ಸಡಕಿನ ಮ್ಯಾಲ ಹೋತು. ಓಣಿ ಮಂದಿ ಬಂದ ನಿಂತರು. ಯಾರೂ ಒಂದ ಮಾತ ಕೇಳ್ಲಿಲ್ಲ. ಗಾದಿ ಬಿಚ್ಚಿದ್ದ ಕಂಡಮ್ಯಾಲ ಕೇಳೋದೇನೈತಿ?

ಸಂಜಿಮುಂದ ನಿಮ್ಮಪ್ಪ ಇಂಡಿ ಸಂತಿಯಿಂದ ಬಂದ. ಅಂಗಳದಾಗ ನಿಂತ ನೋಡಿದ. ನನ್ನ ಮ್ಯಾಲ ಕೈ ಎತ್ತತಾನ ಅಂತ ಮಾಡಿದ್ದೆ. ಎತ್ತಿದ್ರ ಕುಡಗೋಲ ನನ್ನ ಕೈಯಾಗ ಇತ್ತು. ಇದನ್ನೂ ಬರೀರಿ. ಎತ್ತಲಿಲ್ಲ. “ಈಗ ಮೈಬೂಬಗ ಏನ ಹೇಳ್ಲಿ ನಾ,” ಅಂದ. ನಾ ಅಂದೆ, “ಅವನ ಮಗಾ ಐದ ವರ್ಷದಾಗ ನಿಮ್ಮ ಹೊಚ್ಚಲಾ ತುಳೀಲಿಲ್ಲ ಅಂತ ಹೇಳ್ರಿ.”

ಮರುದಿನ ಮುಂಜಾನೆದ್ದ ಬಿಲ್ಲ ತಗೊಂಡ ಕುಂತ. ಊಟಕ್ಕ ಕರದ್ರೂ ಏಳ್ಲಿಲ್ಲ. ಹಿಂಜಿದ್ದ ಹಿಂಜಿದ್ದು, ಹತ್ತಿ ಮ್ಯಾಲ ಸಿಟ್ಟ ತೀರಿಸಿಕೊಂಡ. ಹಿಂಜಿ ಆದಮ್ಯಾಲ ನಿನ್ನ ಕಾಗದ ಕೇಳಿದ. ಎರಡ ಸಲ ಓದಿ ಸಹಿ ಮಾಡಿದ. ಅಬ್ದುಲರಜಾಕನ ಕಾಗದ ಒಲಿಗೆ ಹೋತು, ಅದರ ಮ್ಯಾಲೆ ಚಾ ಕಾಸೇನಿ.

ಟಪಾಲಿಗೆ ಹಾಕಿದ್ರ ವ್ಯಾಳ್ಯಾಕ್ಕ ಮುಟ್ಟಂಗಿಲ್ಲಂತ, ತಾನ ಒಯ್ದ ಕೊಡತಾನಂತ. ಇವತ್ತ ಧಾರವಾಡಕ್ಕ ಹೊಂಟಾನ. ನಿನ್ನ ಮ್ಯಾಲ ಇನ್ನೂ ಸಿಟ್ಟ ಐತಂತ, ವಿಜಾಪುರ ಟೇಶನ್ದಾಗ ಇಳಿಯಂಗಿಲ್ಲಂತ. ಬ್ಯಾಡ ಬಿಡು. ಈ ಕಾಗದ ಧಾರವಾಡದಾಗ ಟಪಾಲಿಗೆ ಹಾಕಂತ ಹೇಳೇನಿ.

ಹೊಟ್ಟಿ ತುಂಬ ಉಣ್ಣು.

ನಿನ್ನ ಅವ್ವ
ರಮಜಾನಬಿ ಅವರ ಹೆಬ್ಬೆಟ್ಟು


ಧಾರವಾಡ
೩೧ ಜುಲೈ ೧೯೬೧

ಸಗೀರಾಳಿಗೆ ಅಪ್ಪನ ದುವಾ.

ಸೀಟು ಸಿಕ್ಕಿದೆ. ಮೊದಲು ಅದನ್ನು ಬರೆದೆ, ಇಲ್ಲವಾದರೆ ಮುಂದಿನದನ್ನು ನೀನು ಓದುವುದಿಲ್ಲ.

ಗದಗಿನ ಗಾಡಿಯಲ್ಲಿ ಗಾದಿ ಸುರುಳಿಯ ಮೇಲೆ ಕೂತು ಬಂದೆ. ಕಾಲೇಜಿನ ಮೆಟ್ಟಿಲಲ್ಲಿ ಜವಾನ ತಡೆದ. ಗಾದಿ ಮಾರುವವನು ಎಂದು ತಿಳಿದಿದ್ದ. ಇವತ್ತು ಕೊನೆಯ ದಿನ, ಸಾಹೇಬರಿಗೇ ಕಾಗದ ಕೊಡಬೇಕು ಎಂದು ಜಗಳ ಮಾಡಿ ಒಳಗೆ ಹೋದೆ.

ಸಾಹೇಬರು ನಿಧಾನವಾಗಿ ಓದಿದರು. ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಇದನ್ನ ಯಾರ ಬರದದ್ರಿ?”

“ಮಗಳರಿ.”

“ಇದರಾಗ ನಿಮ್ಮನ್ನ ಬೈದಾಳಲ್ರಿ?”

“ಬೈದಾಳ್ರಿ.”

“ಗೊತ್ತಿದ್ದೂ ಸಹಿ ಮಾಡೀರಿ?”

“ನನಗ ಓದಾಕ ಬರತೈತ್ರಿ,” ಎಂದೆ. ಸಿಟ್ಟು ಬಂದಿತ್ತು.

ಅವರು, “ನಡುವ ಮತ್ತ ಬಿಡಸಿಕೊಂಡ ಹೋದ್ರ ಹ್ಯಾಂಗ್ರಿ? ನಮ್ಮ ಒಂದ ಸೀಟ ಹಾಳಾಗತೈತಿ,” ಎಂದರು. ನನಗೆ ತಡೆಯಲಾಗಲಿಲ್ಲ. “ನಾ ಬಿಡಸಾಕ ಬಂದ್ರ ಬಾಗಲಾ ಹಾಕ್ಕೋರ್ರಿ ಸಾಹೇಬ್ರ. ಅವತ್ತ ಹೆಡ್‌ಮಾಸ್ತರೂ ಹಾಕ್ಕೋಬೇಕಿತ್ತು,” ಎಂದೆ. ದನಿ ಏರಿತ್ತು. ಹೊರಗಿನ ಕಾರಕೂನರು ಎದ್ದು ಇಣುಕಿ ನೋಡಿದರು. ಸಾಹೇಬರು ನಿನ್ನ ಅರ್ಜಿಯ ಮೇಲೆ ಸಹಿ ಹಾಕಿದರು.

ವಸತಿಗೃಹಕ್ಕೆ ಹೋದೆ. ಹುಡುಗಿಯರು ಹಾಸಿಗೆ ತಾವೇ ತರಬೇಕಂತೆ. ಗಾದಿಯನ್ನು ಅಲ್ಲಿಯ ಮೇಲ್ವಿಚಾರಕಿ ಬಾಯಿಯವರ ಕೈಗೆ ಒಪ್ಪಿಸಿದ್ದೇನೆ. ಅದೇ ಕೆಂಪು ಛೀಟು, ಅದೇ ಹತ್ತಿ. ಅಗಲ ಕಡಿಮೆ ಮಾಡಿ ಒಬ್ಬರಿಗಾಗುವಷ್ಟು ಹೊಲಿದಿದ್ದೇನೆ. ಉಳಿದ ಹತ್ತಿಗೆ ತಲೆದಿಂಬು ಆಯಿತು. ಹೊಲಿಗೆ ನನ್ನದು. ನಿನ್ನ ಅವ್ವ ಈ ಗಾದಿಗೆ ಸೂಜಿ ಹಿಡಿಯಲು ಒಪ್ಪಲಿಲ್ಲ.

ನಾಳೆ ಬಾಗೇವಾಡಿ ರಸ್ತೆ ಸ್ಟೇಷನ್ನಿನಲ್ಲಿ ಇಳಿದು ಮಸೂತಿಗೆ ಹೋಗುವವನಿದ್ದೇನೆ. ಅಬ್ದುಲರಜಾಕ ಮುಂಬಯಿಗೆ ತಿರುಗಿ ಹೋಗಿದ್ದಾನೆ, ಅವನಿಗೆ ಒಂದು ಕಾರ್ಡು ಸಾಕು. ಮೈಬೂಬನ ಗೋರಿಯ ಹತ್ತಿರ ಮಾತ್ರ ನಾನೇ ಹೋಗಿ ನಿಲ್ಲಬೇಕು. ನಿನಗಾದರೆ ಕಾಲೇಜಿನವರು ಕೇಳಿದರು, ನೀನು ಬರೆದು ಕೊಟ್ಟೆ. ಮೈಬೂಬ ಏನೂ ಕೇಳುವುದಿಲ್ಲ, ಅದೇ ಕಷ್ಟ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ನೀನು ಬರೆದದ್ದು ನಿಜವಿದೆ ಎಂದು ಸಹಿ ಮಾಡಿದ್ದೇನೆ, ಹಾಗೆ ಬರೆಯಬಹುದಿತ್ತು ಎಂದು ಸಹಿ ಮಾಡಿಲ್ಲ.

ನಿನ್ನ ಅಪ್ಪ
ಮುರ್ತುಜಾಸಾಬ


ಧಾರವಾಡ
೨೦ ಆಗಸ್ಟ್ ೧೯೬೧

ಅಪ್ಪನಿಗೆ ಸಲಾಮ.

ಕಾಲೇಜು ಸುರುವಾಗಿದೆ. ವರ್ಗದಲ್ಲಿ ಎಲ್ಲರಿಗಿಂತ ದೊಡ್ಡವಳು ನಾನೇ. ಉಳಿದ ಹುಡುಗಿಯರು ಅಕ್ಕಾ ಎನ್ನುತ್ತಾರೆ. ಅದನ್ನು ಕೇಳಿದಾಗಲೆಲ್ಲ ನಿಮ್ಮ ಮೇಲೆ ಸಿಟ್ಟು ಬರುತ್ತದೆ. ನನ್ನದೂ ಇಳಿದಿಲ್ಲ, ಇಷ್ಟರಲ್ಲಿ ಇಳಿಯುವಂತೆ ಕಾಣುವುದೂ ಇಲ್ಲ. ಹೀಗೇ ಬರೆಯುತ್ತಿರುತ್ತೇನೆ, ನೀವೂ ಬರೆಯಿರಿ. ಇನ್ನು ಮೇಲೆ ನನ್ನ ಕಾಗದವನ್ನು ಕಿಸೆಯಲ್ಲಿ ಇಟ್ಟುಕೊಳ್ಳದೆ ಅವ್ವನಿಗೆ ಓದಿ ಹೇಳಿರಿ.

ಮಸೂತಿಯಲ್ಲಿ ಏನು ಹೇಳಿ ಬಂದಿರಿ ಎಂದು ನಾನು ಕೇಳುವುದಿಲ್ಲ. ಮೈಬೂಬ ಕಾಕಾ ನನಗೂ ಬೇಕಾದವರು. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಝಳಕಿಯ ಸಂತೆ ತೋರಿಸಿದವರು.

ಗಾದಿ ಮೆತ್ತಗಿದೆ. ಕೋಣೆಯ ಹುಡುಗಿಯರು ಬಂದು ಬಂದು ಕೂತು ನೋಡುತ್ತಾರೆ. ಆದರೆ ಕಾಲ ಕಡೆಯ ಮೂಲೆಯಲ್ಲಿ ಒಂದು ಗಂಟು ಹಾಗೇ ಉಳಿದಿದೆ. ಸಿಟ್ಟಿನಲ್ಲಿ ಹಿಂಜಿದ್ದೀರಿ, ಕೈ ತಪ್ಪಿದೆ. ಮಲಗಿದರೆ ಹಿಮ್ಮಡಿಗೆ ಒತ್ತುತ್ತದೆ.

ದೀಪಾವಳಿಯ ಸೂಟಿಗೆ ಬರುವಾಗ ಗಾದಿಯನ್ನು ತರುತ್ತೇನೆ. ಅಂಗಳದಲ್ಲಿ ಹಾಕಿ ಬಿಚ್ಚೋಣ, ಓಣಿಯವರು ನೋಡಿದರೆ ನೋಡಲಿ. ತುಂಬುವುದು ನೀವು. ಬಿಲ್ಲು ನಾನು ಹಿಡಿಯುತ್ತೇನೆ.

ನಿಮ್ಮ ಮಗಳು
ಸಗೀರಾ